ಅಮ್ಮನ ಜೊತೆ ಆಲ್ಪ್ಸ್ ಬೆಟ್ಟದಲ್ಲಿ ಒಂದು ರಾತ್ರಿ: ಯಾವ ಹಟ್, ಏನು ತಯಾರಿ?

ಪ್ರಶ್ನೆ: ನಾನು, ನನ್ನ ಗಂಡ ಮ್ಯೂನಿಕ್‌ಗೆ ಬಂದು ಮೂರು ವರ್ಷ ಆಯಿತು. ಸೆಪ್ಟೆಂಬರ್‌ನಲ್ಲಿ ಸಾಗರದಿಂದ ಅಮ್ಮ ಬರುತ್ತಿದ್ದಾರೆ. ಅವರಿಗೆ 62 ವರ್ಷ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ, ಮಂಡಿ ಸ್ವಲ್ಪ ನೋವು. ಆದರೆ ದಿನಾ ಬೆಳಿಗ್ಗೆ ಐದಾರು ಕಿಲೋಮೀಟರ್ ನಡೆಯುತ್ತಾರೆ, ಕೊಡಚಾದ್ರಿಯನ್ನು ಎರಡು ಸಲ ಹತ್ತಿದ್ದಾರೆ. ಇಲ್ಲಿನ ಬೆಟ್ಟದ ಹಟ್‌ನಲ್ಲಿ ಅವರ ಜೊತೆ ಒಂದು ರಾತ್ರಿ ಉಳಿಯುವ ಆಸೆ ನಮಗೆ. ಆದರೆ ಗುರುತಿಲ್ಲದವರ ಪಕ್ಕದಲ್ಲೇ ಮಲಗಬೇಕು, ಸ್ನಾನಕ್ಕೆ ನೀರಿಲ್ಲ, ಊಟ ಎಲ್ಲಾ ಮಾಂಸ ಅಂತ ಆಫೀಸಿನವರು ಹೆದರಿಸಿದ್ದಾರೆ. ಅಮ್ಮ ಮೊಟ್ಟೆಯನ್ನೂ ತಿನ್ನುವುದಿಲ್ಲ. ಕರೆದುಕೊಂಡು ಹೋಗಬಹುದಾ?

ಉತ್ತರ: ಹೋಗಬಹುದು. ಆಫೀಸಿನವರು ಹೇಳಿದ್ದು ಬಹಳಷ್ಟು ನಿಜ, ಆದರೂ ಹೋಗಬಹುದು. ಹದಿನೈದು ವರ್ಷದಿಂದ ಈ ಬೆಟ್ಟಗಳಿಗೆ ಜನರನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಊರಿಂದ ಬಂದ ಅಪ್ಪ ಅಮ್ಮಂದಿರನ್ನೂ ಸಾಕಷ್ಟು ನೋಡಿದ್ದೇನೆ. ಹಟ್‌ನಲ್ಲಿ ಅವರು ಒದ್ದಾಡಿದ್ದು ಕಡಿಮೆ. ಒದ್ದಾಡುವುದು ಜಾಸ್ತಿ ನಮ್ಮ ವಯಸ್ಸಿನವರೇ. ಸಾಲಾಗಿ ಜಮಖಾನ ಹಾಸಿ, ಮದುವೆ ಮನೆಯ ಅಟ್ಟದ ಮೇಲೆ ಇಪ್ಪತ್ತು ಜನರ ನಡುವೆ ಮಲಗಿ ಎದ್ದವರಿಗೆ ಇಲ್ಲಿನ ಮಲಗುವ ಕೋಣೆ ಹೊಸದೇನಲ್ಲ. ನಿಮಗೆ ಹೊಸದು.

ಮೊದಲು ಹೆಸರಿನ ಗೊಂದಲ ಬಿಡಿಸಿಬಿಡೋಣ. ಜರ್ಮನಿಯಲ್ಲಿ ಇದಕ್ಕೆ ಹ್ಯುಟ್ಟೆ ಅನ್ನುತ್ತಾರೆ. ನಿಘಂಟು ನೋಡಿದರೆ ಗುಡಿಸಲು ಅಂತ ಬರುತ್ತದೆ. ಹುಲ್ಲಿನ ಮಾಡು ಕಲ್ಪಿಸಿಕೊಳ್ಳಬೇಡಿ. ಹೆಚ್ಚಿನವು ಕಲ್ಲು, ಮರದ ಗಟ್ಟಿ ಕಟ್ಟಡಗಳು. ಕೆಲವದರಲ್ಲಿ ನೂರಕ್ಕೂ ಹೆಚ್ಚು ಜನ ಮಲಗುತ್ತಾರೆ. ಬಹುಪಾಲು ಆಲ್ಪೈನ್ ಕ್ಲಬ್‌ಗಳವು, ಅಂದರೆ ಬೆಟ್ಟ ಹತ್ತುವವರ ಸಂಘಗಳವು. ಆಸ್ಟ್ರಿಯಾದ ಕ್ಲಬ್ ಹುಟ್ಟಿದ್ದು 1862ರಲ್ಲಿ, ಸ್ವಿಟ್ಜರ್ಲೆಂಡಿನದು 1863ರಲ್ಲಿ. ಜರ್ಮನಿಯದು 1869ರಲ್ಲಿ ನಿಮ್ಮ ಮ್ಯೂನಿಕ್‌ನಲ್ಲೇ ಶುರುವಾಯಿತು. ಜರ್ಮನ್ ಕ್ಲಬ್ ಒಂದರದ್ದೇ ಮುನ್ನೂರಕ್ಕೂ ಹೆಚ್ಚು ಹ್ಯುಟ್ಟೆಗಳಿವೆ. ಇವು ಮೂಲದಲ್ಲಿ ಆಸರೆಗೆ ಕಟ್ಟಿದ ಜಾಗಗಳು, ಆರಾಮಕ್ಕೆ ಕಟ್ಟಿದವಲ್ಲ. ಈಗಲೂ ಕತ್ತಲಲ್ಲಿ, ಮಳೆಯಲ್ಲಿ ಸಿಕ್ಕಿಬಿದ್ದು ಬಾಗಿಲು ತಟ್ಟಿದವರನ್ನು ವಾಪಸ್ ಕಳಿಸುವುದಿಲ್ಲ. ಜಾಗ ಇಲ್ಲದಿದ್ದರೆ ಊಟದ ಕೋಣೆಯ ಬೆಂಚಿನ ಮೇಲಾದರೂ ಮಲಗಿಸುತ್ತಾರೆ.

ಇನ್ನು ಯಾವ ಹ್ಯುಟ್ಟೆ ಅನ್ನುವ ಪ್ರಶ್ನೆ. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಫೋಟೊ ನೋಡಿ ಆರಿಸಬೇಡಿ, ದಾರಿ ನೋಡಿ ಆರಿಸಿ. ಬಂಡೆಯ ಅಂಚಿನಲ್ಲಿ ಕೂತ ಹ್ಯುಟ್ಟೆ ಫೋಟೊದಲ್ಲಿ ಚಂದ ಕಾಣುತ್ತದೆ. ಅಲ್ಲಿಗೆ ಹೋಗುವ ಕೊನೆಯ ಒಂದು ಗಂಟೆ ಕಬ್ಬಿಣದ ಹಗ್ಗ ಹಿಡಿದು ಹೋಗಬೇಕು ಅನ್ನುವುದು ಫೋಟೊದಲ್ಲಿ ಕಾಣುವುದಿಲ್ಲ.

ನಿಮ್ಮ ಅಮ್ಮನಿಗೆ ನಾನು ಹೇಳುವುದು ರೈನ್‌ಟಾಲ್‌ಆಂಗರ್ ಹ್ಯುಟ್ಟೆ. ಗಾರ್ಮಿಶ್-ಪಾರ್ಟೆನ್‌ಕಿರ್ಶನ್ ಊರಿನ ಹಿಂದೆ ರೈನ್‌ಟಾಲ್ ಅನ್ನುವ ಉದ್ದ ಕಣಿವೆ ಇದೆ. ಅದರ ಒಳಗೆ, 1369 ಮೀಟರ್ ಎತ್ತರದಲ್ಲಿ, ಪಾರ್ಟ್‌ನಾಖ್ ಹೊಳೆಯ ದಡದಲ್ಲೇ ಇದೆ. ಅಮ್ಮ ಹತ್ತಿದ ಕೊಡಚಾದ್ರಿ 1343 ಮೀಟರ್. ಅಂದರೆ ಎತ್ತರ ಹೆಚ್ಚುಕಡಿಮೆ ಅದೇ! ಅಮ್ಮನಿಗೆ ಇದನ್ನು ಹೇಳಿ, ಅರ್ಧ ಭಯ ಅಲ್ಲೇ ಹೋಗುತ್ತದೆ. ಗಾಳಿ ತೆಳುವಾಗುತ್ತದೆ, ಉಸಿರು ಸಿಕ್ಕುವುದಿಲ್ಲ ಅನ್ನುವ ಚಿಂತೆ ಈ ಎತ್ತರಕ್ಕೆ ಬೇಡ. ಬಿಪಿ ವಿಷಯ ಮಾತ್ರ ಊರಿಂದ ಹೊರಡುವ ಮುಂಚೆ ಅವರ ಡಾಕ್ಟರ್ ಹತ್ತಿರ ಒಮ್ಮೆ ಕೇಳಿಬಿಡಿ. ದಿನಕ್ಕೆ ಐದು ಗಂಟೆ ನಡಿಗೆ ಅಂತ ಸರಿಯಾಗಿ ಹೇಳಿ ಕೇಳಿ. ಸುಮ್ನೆ "ಸ್ವಲ್ಪ ಓಡಾಡ್ತಾರೆ" ಅನ್ನಬೇಡಿ.

ದಾರಿ ಹೀಗಿದೆ. ಮ್ಯೂನಿಕ್‌ನಿಂದ ಗಾರ್ಮಿಶ್‌ಗೆ ಲೋಕಲ್ ರೈಲು, ಸುಮಾರು ಒಂದೂವರೆ ಗಂಟೆ. ತಿಂಗಳ ಡಾಯ್ಚ್‌ಲಾಂಡ್ ಟಿಕೆಟ್ ಇದ್ದರೆ ಅದೇ ಸಾಕು. ಅಲ್ಲಿಂದ ಸ್ಕೀ ಸ್ಟೇಡಿಯಂವರೆಗೆ ಬಸ್ಸು. ಆಮೇಲೆ ನಡಿಗೆ. ಮೊದಲಿಗೇ ಪಾರ್ಟ್‌ನಾಖ್‌ಕ್ಲಾಮ್ ಸಿಗುತ್ತದೆ. ಹೊಳೆ ಬಂಡೆಯನ್ನು ಕೊರೆದು ಮಾಡಿದ ಸುಮಾರು 700 ಮೀಟರ್ ಉದ್ದದ ಕೊರಕಲು. ಬಂಡೆಯಲ್ಲೇ ಕಾಲುದಾರಿ ಕೊರೆದಿದ್ದಾರೆ. ತಲೆಯ ಮೇಲೆ ನೀರು ತೊಟ್ಟಿಕ್ಕುತ್ತಿರುತ್ತದೆ, ರೈನ್‌ಕೋಟು ಬ್ಯಾಗಿನ ಮೇಲ್ಗಡೆಯೇ ಇರಲಿ. ಒಳಗೆ ಹೋಗಲು ಟಿಕೆಟ್ ಇದೆ, ಹವಾಮಾನ ಕೆಟ್ಟರೆ ಮುಚ್ಚುತ್ತಾರೆ. ಮುಚ್ಚಿದ್ದರೆ ಮೇಲಿನಿಂದ ಸುತ್ತಿಹೋಗುವ ದಾರಿಯೂ ಇದೆ. ಕೊರಕಲು ದಾಟಿದ ಮೇಲೆ ಕಾಡಿನ ರಸ್ತೆ, ಹೊಳೆಯ ಪಕ್ಕದಲ್ಲೇ. ಮಧ್ಯದಲ್ಲಿ 1052 ಮೀಟರ್ ಎತ್ತರದಲ್ಲಿ ಬೋಕ್‌ಹ್ಯುಟ್ಟೆ ಅನ್ನುವ ಪುಟ್ಟ ಜಾಗ ಇದೆ. ಕೂತು ಮಜ್ಜಿಗೆ ಕುಡಿಯಲು ಒಳ್ಳೆಯ ತಾಣ. ಇಲ್ಲಿ ಅದಕ್ಕೆ ಬುಟ್ಟರ್‌ಮಿಲ್ಶ್ ಅನ್ನುತ್ತಾರೆ. ಉಪ್ಪು, ಇಂಗು ಇರುವುದಿಲ್ಲ ಅಷ್ಟೇ.

ಒಟ್ಟು ಸುಮಾರು 14 ಕಿಲೋಮೀಟರ್. ಏರು 640 ಮೀಟರ್ ಹತ್ತಿರ. ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಲು ಇಲ್ಲಿಯವರದ್ದೇ ಒಂದು ಸೂತ್ರ ಇದೆ, ಕಲಿತುಕೊಳ್ಳಿ. ಸಮತಟ್ಟಿನಲ್ಲಿ ಗಂಟೆಗೆ 4 ಕಿಲೋಮೀಟರ್. ಏರಿನಲ್ಲಿ ಗಂಟೆಗೆ 300 ಮೀಟರ್ ಎತ್ತರ. ಇಳಿಜಾರಿನಲ್ಲಿ ಗಂಟೆಗೆ 500 ಮೀಟರ್. ದೂರದ ಹೊತ್ತು ಬೇರೆ, ಎತ್ತರದ ಹೊತ್ತು ಬೇರೆ ಲೆಕ್ಕ ಮಾಡಿ. ದೊಡ್ಡದನ್ನು ಪೂರ್ತಿ ತಗೊಳ್ಳಿ, ಚಿಕ್ಕದರಲ್ಲಿ ಅರ್ಧ ಸೇರಿಸಿ. ನಮ್ಮ ದಾರಿಗೆ ದೂರ ಮೂರೂವರೆ ಗಂಟೆ, ಎತ್ತರ ಎರಡು ಗಂಟೆ ಚಿಲ್ಲರೆ. ಸೇರಿಸಿದರೆ ನಾಲ್ಕೂವರೆ ಗಂಟೆ ಆಗುತ್ತದೆ. ದಾರಿಯ ಹಳದಿ ಬೋರ್ಡುಗಳಲ್ಲಿ ಬರೆದಿರುವ ಗಂಟೆಗಳ ಹಿಂದೆ ಇರುವುದು ಇಂಥದ್ದೇ ಲೆಕ್ಕ. ಅದು ನಿಲ್ಲದೆ ನಡೆಯುವವರ ಹೊತ್ತು ಅನ್ನುವುದು ನೆನಪಿರಲಿ. ಅಮ್ಮ ನಿಲ್ಲುತ್ತಾರೆ, ಹೂವು ನೋಡುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಆರೂವರೆ ಗಂಟೆ ಇಟ್ಟುಕೊಳ್ಳಿ. ಬೆಳಿಗ್ಗೆ ಒಂಬತ್ತಕ್ಕೆ ನಡಿಗೆ ಶುರುವಾದರೆ ಮೂರೂವರೆ ಹೊತ್ತಿಗೆ ಮುಟ್ಟುತ್ತೀರಿ. ಇದಕ್ಕಿಂತ ತಡ ಬೇಡ. ಬೆಚ್ಚಗಿನ ದಿನಗಳಲ್ಲಿ ಗುಡುಗು ಮಳೆ ಬರುವುದು ಮಧ್ಯಾಹ್ನದ ಮೇಲೆಯೇ.

ಮಾರನೇ ದಿನ ಬಂದ ದಾರಿಯಲ್ಲೇ ವಾಪಸ್. ಮಂಡಿ ನೋವಿಗೆ ಏರಿಗಿಂತ ಇಳಿಜಾರೇ ಶತ್ರು. ಈ ದಾರಿಯ ಇಳಿಜಾರು ಮೆತ್ತಗಿದೆ, ನಾನು ಇದನ್ನು ಆರಿಸಿದ್ದು ಅದಕ್ಕೇ. ಆದರೂ ಎರಡು ಊರುಗೋಲು, ಅಂದರೆ ಟ್ರೆಕ್ಕಿಂಗ್ ಪೋಲ್ ಕೊಡಿಸಿ. ಅಮ್ಮನ ಬ್ಯಾಗಿನಲ್ಲಿ ನೀರಿನ ಬಾಟಲು, ಸ್ವೆಟರು ಬಿಟ್ಟು ಬೇರೇನೂ ಇರಬಾರದು.

ನಿಮ್ಮ ಗಂಡನಿಗೆ ಇನ್ನೂ ಹತ್ತಬೇಕು ಅನ್ನಿಸಿದರೆ ಅವರೊಬ್ಬರೇ ಮುಂದೆ ಹೋಗಬಹುದು. ಮೇಲೆ 2051 ಮೀಟರ್‌ನಲ್ಲಿ ಕ್ನೋರ್‌ಹ್ಯುಟ್ಟೆ ಇದೆ, ನಮ್ಮ ಮುಳ್ಳಯ್ಯನಗಿರಿಗಿಂತ ನೂರಿಪ್ಪತ್ತು ಮೀಟರ್ ಎತ್ತರ. 1855ರಲ್ಲಿ ಕಟ್ಟಿದ್ದು. ಅಲ್ಲಿಂದ ತ್ಸುಗ್‌ಸ್ಪಿಟ್ಸೆ ಅನ್ನುವ ಶಿಖರದ ಕೆಳಗಿನ ಪ್ರಸ್ಥಭೂಮಿಯ ರೈಲು ನಿಲ್ದಾಣಕ್ಕೆ ಹತ್ತಿ, ಹಲ್ಲುಚಕ್ರದ ರೈಲಿನಲ್ಲಿ ಗಾರ್ಮಿಶ್‌ಗೆ ಇಳಿಯಬಹುದು. ರೈನ್‌ಟಾಲ್‌ಆಂಗರ್ ಹ್ಯುಟ್ಟೆಯಿಂದ ಒಟ್ಟು ಏರು ಸುಮಾರು 1200 ಮೀಟರ್. ಸೆಪ್ಟೆಂಬರ್‌ನಲ್ಲೂ ಅಲ್ಲಿ ಹಿಮ ಬೀಳುವುದುಂಟು. ರೈಲಿನ ಟಿಕೆಟ್ ಅಗ್ಗವೂ ಅಲ್ಲ. ಅಮ್ಮನಿಗೆ ಇದು ಬೇಡವೇ ಬೇಡ.

ಈಗ ಬುಕಿಂಗ್. ಈ ವರ್ಷ ಹ್ಯುಟ್ಟೆ ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಅಂತ ಮೊದಲು ಅವರ ಪುಟದಲ್ಲಿ ನೋಡಿ. ರಿಪೇರಿ, ಭೂಕುಸಿತ ಅಂತ ದಾರಿ ಮುಚ್ಚುವುದೂ ಇದೆ. ಕ್ಲಬ್‌ಗಳದ್ದೇ ಆನ್‌ಲೈನ್ ಬುಕಿಂಗ್ ಇದೆ. ಸೆಪ್ಟೆಂಬರ್ ಶನಿವಾರಗಳು ಬೇಗ ತುಂಬುತ್ತವೆ. ನಾನಾದರೆ ರಜೆ ಹಾಕಿ ಮಂಗಳವಾರವೋ ಬುಧವಾರವೋ ಹೋಗುತ್ತೇನೆ. ಅರ್ಧ ಖಾಲಿ ಇರುವ ಹ್ಯುಟ್ಟೆಯಲ್ಲಿ ಅಮ್ಮ ಮಲಗುವುದಕ್ಕೂ, ತುಂಬಿದ ಹ್ಯುಟ್ಟೆಯಲ್ಲಿ ಮಲಗುವುದಕ್ಕೂ ಬಹಳ ವ್ಯತ್ಯಾಸ ಇದೆ. ಬರುವುದಿಲ್ಲ ಅಂತಾದರೆ ತಪ್ಪದೆ ಕ್ಯಾನ್ಸಲ್ ಮಾಡಿ. ನಿಮಗಾಗಿ ಹಾಸಿಗೆ, ಊಟ ಕಾದಿಟ್ಟಿರುತ್ತಾರೆ. ನೀವು ಬರದಿದ್ದರೆ ದಾರಿಯಲ್ಲಿ ಏನಾದರೂ ಆಯಿತೇ ಅಂತಲೂ ಯೋಚನೆ ಮಾಡುತ್ತಾರೆ.

ನೀವಿಬ್ಬರೂ ಕ್ಲಬ್ಬಿನ ಸದಸ್ಯರಾಗಿಬಿಡಿ. ಸದಸ್ಯರಿಗೆ ಒಂದು ರಾತ್ರಿಯ ದರ ಕಡಿಮೆ. ಅದಕ್ಕಿಂತ ದೊಡ್ಡ ಲಾಭ ಎಂದರೆ ಬೆಟ್ಟದಲ್ಲಿ ಅಪಾಯವಾದರೆ ರಕ್ಷಣೆಯ ಖರ್ಚಿಗೆ ವಿಮೆ ಸೇರಿರುತ್ತದೆ. ಅಮ್ಮನ ವಿಷಯ ಬೇರೆ. ಷೆಂಗೆನ್ ವೀಸಾಕ್ಕೆ 30,000 ಯೂರೊ ವೈದ್ಯಕೀಯ ವಿಮೆ ಮಾಡಿಸಿರುತ್ತೀರಿ, ಅಲ್ವಾ? ಆ ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದಿ. ಬೆಟ್ಟದಿಂದ ಹೆಲಿಕಾಪ್ಟರ್‌ನಲ್ಲಿ ಇಳಿಸುವ ಖರ್ಚು ಅದರಲ್ಲಿ ಇದೆಯಾ, ಟ್ರೆಕ್ಕಿಂಗ್ ಅನ್ನು ಹೊರಗಿಟ್ಟಿದ್ದಾರಾ ನೋಡಿ. ಇಲ್ಲದಿದ್ದರೆ ಅದಕ್ಕೊಂದು ಬೇರೆ ವಿಮೆ ಮಾಡಿಸಿ.

ಮಲಗುವ ಕೋಣೆಗೆ ಬರೋಣ. ಹೆಸರು ಮಾಟ್ರಾಟ್ಸೆನ್‌ಲಾಗರ್. ಉದ್ದಕ್ಕೆ ಮರದ ಜಗುಲಿ, ಅದರ ಮೇಲೆ ಪಕ್ಕಪಕ್ಕದಲ್ಲೇ ಹಾಸಿಗೆಗಳು. ಮಧ್ಯೆ ಅಡ್ಡ ಏನೂ ಇಲ್ಲ. ಗಂಡಸರು, ಹೆಂಗಸರು ಎಲ್ಲಾ ಒಂದೇ ಕೋಣೆಯಲ್ಲಿ. ಕೆಲವು ಹ್ಯುಟ್ಟೆಗಳಲ್ಲಿ ಎರಡು, ನಾಲ್ಕು ಜನರ ಸಣ್ಣ ರೂಮುಗಳೂ ಇರುತ್ತವೆ. ಸಿಕ್ಕರೆ ಅದನ್ನೇ ತಗೊಳ್ಳಿ. ಸಿಗದಿದ್ದರೆ ಬೇಗ ತಲುಪಿ, ಗೋಡೆ ಪಕ್ಕದ ಜಾಗ ಕೇಳಿ. ಗೋಡೆಗೆ ಅಮ್ಮ, ಆಮೇಲೆ ನೀವು, ಆಮೇಲೆ ನಿಮ್ಮ ಗಂಡ. ಅಲ್ಲಿಗೆ ಅಮ್ಮನ ಪಕ್ಕದಲ್ಲಿ ಅಪರಿಚಿತರು ಯಾರೂ ಇರುವುದಿಲ್ಲ. ಬಟ್ಟೆ ಬದಲಾಯಿಸಲು ಕೈಕಾಲು ತೊಳೆಯುವ ಕೋಣೆ ಇದೆ. ಇಲ್ಲಿಯವರು ಜನರ ಮುಂದೆಯೇ ಬದಲಾಯಿಸಿಕೊಳ್ಳುತ್ತಾರೆ, ಯಾರೂ ಯಾರನ್ನೂ ನೋಡುವುದಿಲ್ಲ. ಅಮ್ಮನಿಗೆ ಇದನ್ನು ಮೊದಲೇ ಹೇಳಿಟ್ಟರೆ ಒಳ್ಳೆಯದು.

ಕಂಬಳಿ, ದಿಂಬು ಅವರೇ ಕೊಡುತ್ತಾರೆ. ಆದರೆ ಕಂಬಳಿಯನ್ನು ದಿನಾ ಒಗೆಯುವುದಿಲ್ಲ. ಅದಕ್ಕೇ ಪ್ರತಿಯೊಬ್ಬರೂ ತೆಳು ಬಟ್ಟೆಯ ಚೀಲ ತರಬೇಕು. ಹ್ಯುಟ್ಟೆನ್‌ಶ್ಲಾಫ್‌ಸಾಕ್ ಅನ್ನುತ್ತಾರೆ. ಹತ್ತಿಯದೋ ರೇಷ್ಮೆಯದೋ ಆಗುತ್ತದೆ. ಅದರೊಳಗೆ ತೂರಿಕೊಂಡು ಮೇಲೆ ಕಂಬಳಿ ಹೊದೆಯಬೇಕು. ಇದು ಕಡ್ಡಾಯ, ದಪ್ಪ ಸ್ಲೀಪಿಂಗ್ ಬ್ಯಾಗ್ ಬೇಡ. ಹಳೇ ಹತ್ತಿ ಸೀರೆ ಇದ್ದರೆ ಮಡಿಸಿ ಎರಡು ಕಡೆ ಹೊಲಿದು ಅಮ್ಮನೇ ಒಂದು ಚೀಲ ಮಾಡಿಯಾರು. ನನ್ನ ಹೆಂಡತಿ ಹಾಗೇ ಮಾಡಿದ್ದಾಳೆ. ಹತ್ತು ವರ್ಷದಿಂದ ಅದೇ ನಡೆಯುತ್ತಿದೆ, ಅಂಗಡಿಯದಕ್ಕಿಂತ ಮೆತ್ತಗಿದೆ. ಕೆಲವು ಕಂಬಳಿಗಳ ಒಂದು ತುದಿಯಲ್ಲಿ ಜರ್ಮನ್‌ನಲ್ಲಿ "ಕಾಲು" ಅಂತ ನೇಯ್ದಿರುತ್ತದೆ. ಆ ತುದಿಯನ್ನು ಮುಖಕ್ಕೆ ಎಳೆದುಕೊಳ್ಳಬೇಡಿ. ನಿಮಗಿಂತ ಮುಂಚೆ ನೂರಾರು ಜನರ ಕಾಲು ಅಲ್ಲಿತ್ತು!

ತಿಗಣೆಯ ಮಾತೂ ಆಡಿಬಿಡುತ್ತೇನೆ, ಆಮೇಲೆ ಯಾಕೆ ಹೇಳಲಿಲ್ಲ ಅನ್ನಬಾರದು. ಜನ ಒಂದು ಹ್ಯುಟ್ಟೆಯಿಂದ ಇನ್ನೊಂದಕ್ಕೆ ನಡೆಯುತ್ತಾರೆ, ತಿಗಣೆಯೂ ಅವರ ಬ್ಯಾಗಿನಲ್ಲಿ ನಡೆಯುತ್ತದೆ. ಅದಕ್ಕೇ ಕೆಲವು ಕಡೆ ಬ್ಯಾಗನ್ನು ಮಲಗುವ ಕೋಣೆಗೆ ಬಿಡುವುದಿಲ್ಲ. ಮಲಗುವ ಚೀಲವನ್ನು ಅರ್ಧ ನಿಮಿಷ ಮೈಕ್ರೋವೇವ್‌ನಲ್ಲಿ ಇಟ್ಟು ಕೊಡುವವರೂ ಇದ್ದಾರೆ. ಅವಮಾನ ಅಂತ ತಿಳಿಯಬೇಡಿ. ಈ ಕಣಿವೆಯಲ್ಲಿ ಹುಳುಗಳ ಇತಿಹಾಸವೂ ಹಳೆಯದೇ. 1820ರ ಆಗಸ್ಟ್‌ನಲ್ಲಿ ಯೋಸೆಫ್ ನೌಸ್ ಅನ್ನುವ ಬವೇರಿಯಾದ ಸೇನಾಧಿಕಾರಿ ಇದೇ ರೈನ್‌ಟಾಲ್ ಮೂಲಕ ತ್ಸುಗ್‌ಸ್ಪಿಟ್ಸೆ ಹತ್ತಿದ. 2962 ಮೀಟರ್‌ನ ಆ ಶಿಖರವೇ ಜರ್ಮನಿಯಲ್ಲಿ ಎಲ್ಲಕ್ಕಿಂತ ಎತ್ತರದ್ದು. ಹಿಂದಿನ ರಾತ್ರಿ ಅವನು ಕಳೆದದ್ದು ಇದೇ ಕಣಿವೆಯ ಕುರಿ ಕಾಯುವವರ ಗುಡಿಸಲಿನಲ್ಲಿ. ಚಿಗಟಗಳ ಕಾಟದ ಬಗ್ಗೆ ತನ್ನ ಬರಹದಲ್ಲಿ ಗೊಣಗಿಕೊಂಡಿದ್ದಾನೆ ಪಾಪ.

ರಾತ್ರಿ ಹತ್ತಕ್ಕೆ ದೀಪ ಆರುತ್ತದೆ. ಹ್ಯುಟ್ಟೆನ್‌ರೂಹೆ ಅನ್ನುತ್ತಾರೆ, ಬೆಳಿಗ್ಗೆ ಆರರವರೆಗೆ ಸದ್ದಿಲ್ಲ. ಹಾಗಂತ ಗೊರಕೆಗೆ ಕಾನೂನು ಇಲ್ಲ. ಕಿವಿಗೆ ಇಡುವ ಹತ್ತಿಯೋ ಇಯರ್‌ಪ್ಲಗ್ಗೋ ಮೂರು ಜೊತೆ ತನ್ನಿ. ಗೊರಕೆಗಿಂತ ಜಾಸ್ತಿ ಸಿಟ್ಟು ತರಿಸುವುದು ಪ್ಲಾಸ್ಟಿಕ್ ಕವರಿನ ಸದ್ದು. ಬೆಳಗಿನ ಐದಕ್ಕೆ ಎದ್ದು ಕವರು ಪರಪರ ಅನ್ನಿಸುವವರನ್ನು ಇಡೀ ಕೋಣೆ ಶಪಿಸುತ್ತದೆ. ನಮ್ಮ ಬ್ಯಾಗಿನಲ್ಲಿ ಎಲ್ಲವೂ ಕವರಿನೊಳಗೆ ಕವರು ಅಲ್ವಾ? ಬಟ್ಟೆ ಚೀಲಕ್ಕೆ ಬದಲಾಯಿಸಿ. ಮಾತ್ರೆ, ಕನ್ನಡಕ, ತಲೆಗೆ ಕಟ್ಟುವ ಟಾರ್ಚ್ ಮಲಗುವ ಮುಂಚೆಯೇ ದಿಂಬಿನ ಪಕ್ಕ ಇಟ್ಟುಕೊಳ್ಳಿ. ಅಮ್ಮ ರಾತ್ರಿ ಟಾಯ್ಲೆಟ್‌ಗೆ ಏಳುತ್ತಾರೆ ಅಂತಾದರೆ ಹಗಲಲ್ಲೇ ಒಮ್ಮೆ ದಾರಿ ನಡೆದು ತೋರಿಸಿ. ಎಷ್ಟು ಮೆಟ್ಟಿಲು, ಯಾವ ಬಾಗಿಲು ಎಲ್ಲ.

ನೀರಿನ ಕಥೆ ಸ್ವಲ್ಪ ಉದ್ದ, ಆದರೆ ಕೇಳುವಂಥದ್ದು. ಈ ಬೆಟ್ಟಗಳು ಸುಣ್ಣಕಲ್ಲಿನವು. ಸುಣ್ಣಕಲ್ಲಿನ ಬಿರುಕುಗಳಲ್ಲಿ ಮಳೆ, ಹಿಮದ ನೀರು ಇಳಿದು ಮಾಯವಾಗುತ್ತದೆ. ಹಾಗಾಗಿ ಎತ್ತರದ ಹ್ಯುಟ್ಟೆಗಳ ಸುತ್ತ ಎಷ್ಟು ಮಳೆ ಬಂದರೂ ಕುಡಿಯಲು ನೀರಿಲ್ಲ. ಮಾಡಿನಿಂದ ಬಿದ್ದ ನೀರು, ಕರಗಿದ ಹಿಮ ಹಿಡಿದಿಟ್ಟು ಬೇಸಿಗೆ ತಳ್ಳುವ ಹ್ಯುಟ್ಟೆಗಳಿವೆ. ಅಂಥ ಕಡೆ ಷವರ್ ಕೇಳಿದರೆ ನಗುತ್ತಾರೆ. ಇದ್ದ ಕಡೆ ಕಾಸು ಹಾಕಿದರೆ ಕೆಲವು ನಿಮಿಷ ಬಿಸಿನೀರು. ಮೇಲೆ ಮಾಯವಾದ ಆ ನೀರು ಹೊರಗೆ ಬರುವ ಒಂದು ಜಾಗ ನೀವು ಹೋಗುವ ಹ್ಯುಟ್ಟೆಯಿಂದ ಅರ್ಧ ಗಂಟೆ ಒಳಗೇ ಇದೆ. ಪಾರ್ಟ್‌ನಾಖ್ ಹೊಳೆಯ ಹುಟ್ಟು. ತ್ಸುಗ್‌ಸ್ಪಿಟ್ಸೆಯ ಪ್ರಸ್ಥಭೂಮಿಯಲ್ಲಿ ಇಂಗಿದ್ದು ಇಲ್ಲಿ ಬಂಡೆಯ ಬುಡದಿಂದ ಭೋರ್ ಅಂತ ಏಳುತ್ತದೆ. ಸಂಜೆ ಊಟಕ್ಕೆ ಮುಂಚೆ ಅಮ್ಮನಿಗೆ ಕಾಲಲ್ಲಿ ಶಕ್ತಿ ಉಳಿದಿದ್ದರೆ ತೋರಿಸಿ. ದಾರಿ ಸ್ವಲ್ಪ ಕಲ್ಲುಕಲ್ಲು. ಆಗದಿದ್ದರೆ ಹ್ಯುಟ್ಟೆಯ ಮುಂದೆಯೇ ಹೊಳೆ ಇದೆ, ಕಾಲಿಟ್ಟು ಎರಡು ನಿಮಿಷ ತಡೆದುಕೊಂಡರೆ ಶಹಬ್ಬಾಸ್.

ಹಳೇ ಫೋಟೊಗಳಲ್ಲಿ ಈ ಕಣಿವೆಯಲ್ಲಿ ನೀಲಿ ಕೆರೆ ಕಾಣುತ್ತದೆ. ಅದನ್ನು ಹುಡುಕಬೇಡಿ. 2005ರ ಆಗಸ್ಟ್ ಪ್ರವಾಹದಲ್ಲಿ ಅದರ ಅಡ್ಡಗಟ್ಟು ಒಡೆದು ಜಲ್ಲಿ ತುಂಬಿಕೊಂಡಿತು.

ಇನ್ನು ಸ್ನಾನ. ಒಂದು ರಾತ್ರಿ ಸ್ನಾನ ಇಲ್ಲದಿದ್ದರೆ ಏನೂ ಆಗುವುದಿಲ್ಲ ಅಂತ ನೀವು ಅನ್ನಬಹುದು. ಸ್ನಾನ ಮಾಡದೆ ಕಾಫಿಯನ್ನೂ ಮುಟ್ಟದ ಅಮ್ಮಂದಿರಿದ್ದಾರೆ, ನಿಮ್ಮ ಅಮ್ಮ ಹಾಗೋ ಗೊತ್ತಿಲ್ಲ. ಒಂದು ಸಣ್ಣ ಟವೆಲ್ ಒದ್ದೆ ಮಾಡಿ ಮೈ ಒರೆಸಿಕೊಳ್ಳುವುದು, ಬಟ್ಟೆ ಬದಲಿಸುವುದು. ಇಷ್ಟಕ್ಕೆ ಒಪ್ಪಿಸಿ.

ಊಟವೇ ನಿಜವಾದ ತಲೆನೋವು. ಸಸ್ಯಾಹಾರ ಸಿಗುತ್ತದೆ, ಮೊಟ್ಟೆ ಇಲ್ಲದ್ದು ಸಿಗುವುದು ಕಷ್ಟ. ಚೀಸ್ ಹಾಕಿದ ಶ್ಪೆಟ್ಸ್ಲೆ ಅನ್ನುವ ದಪ್ಪ ಶಾವಿಗೆಯಂಥದ್ದು ಎಲ್ಲಾ ಕಡೆ ಇರುತ್ತದೆ, ಹಿಟ್ಟಿನಲ್ಲೇ ಮೊಟ್ಟೆ. ಬ್ರೆಡ್ಡಿನ ಉಂಡೆ ಕ್ನೋಡೆಲ್‌ನಲ್ಲಿ ಮೊಟ್ಟೆ. ಕೈಸರ್‌ಶ್ಮಾರ್ನ್ ಅನ್ನುವ ಸಿಹಿ ದೋಸೆಯಂಥದ್ದರಲ್ಲಂತೂ ಮೊಟ್ಟೆಯೇ ಜಾಸ್ತಿ. ಇನ್ನೊಂದು ಮೋಸ ಸೂಪಿನಲ್ಲಿ. ಚೀಸ್ ಉಂಡೆಯ ಸೂಪು ನೋಡಲು ಸಸ್ಯಾಹಾರಿ, ಉಂಡೆ ತೇಲುತ್ತಿರುವುದು ಸಾಮಾನ್ಯವಾಗಿ ದನದ ಎಲುಬಿನ ಸಾರಿನಲ್ಲಿ. ಆಲೂಗಡ್ಡೆ ಹುರಿದದ್ದರಲ್ಲಿ ಹಂದಿಯ ಶ್ಪೆಕ್ ಚೂರು ಇರಬಹುದು. ಹಾಗಾಗಿ ಬುಕ್ ಮಾಡುವಾಗಲೇ ಬರೆಯಿರಿ, ತಲುಪಿದ ಕೂಡಲೇ ಮತ್ತೆ ಹೇಳಿ: "ಓನೆ ಫ್ಲೈಶ್, ಓನೆ ಆಯ್, ಓನೆ ಫ್ಲೈಶ್‌ಬ್ರೂಯೆ." ಮಾಂಸ ಇಲ್ಲದೆ, ಮೊಟ್ಟೆ ಇಲ್ಲದೆ, ಮಾಂಸದ ಸಾರಿಲ್ಲದೆ ಅಂತ. ವೀಗನ್ ಅನ್ನುವ ಒಂದೇ ಪದ ಹೇಳಿದರೂ ಕೆಲಸ ಆಗುತ್ತದೆ, ಈಗ ಆ ಪದ ಬೆಟ್ಟದ ಮೇಲೂ ಎಲ್ಲರಿಗೂ ಗೊತ್ತು. ಬೇಳೆಯ ಸೂಪು, ಟೊಮೆಟೊ ಹಾಕಿದ ಪಾಸ್ತಾ, ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು, ಬೆಣ್ಣೆ, ಚೀಸ್ ಇವುಗಳಲ್ಲಿ ಏನಾದರೂ ಮಾಡಿಕೊಡುತ್ತಾರೆ. ಖಾರ ಇರುವುದಿಲ್ಲ. ಅದಕ್ಕೆ ಒಂದು ಡಬ್ಬಿ ಚಟ್ನಿಪುಡಿ. ಬೆಣ್ಣೆ ಹಚ್ಚಿದ ರೈ ಬ್ರೆಡ್ಡಿನ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿ ನೋಡಿ. ಎದುರಿಗೆ ಕೂತ ಜರ್ಮನ್ನರು ಇಣುಕಿ ನೋಡುತ್ತಾರೆ, ಕೊನೆಗೆ ಡಬ್ಬಿ ಖಾಲಿಯಾಗುತ್ತದೆ. ನಡೆಯುವಾಗ ತಿನ್ನಲು ಚಪಾತಿ, ಕೋಡುಬಳೆ, ಒಣ ಹಣ್ಣು ಇರಲಿ.

ಒಲೆ ತರಬೇಡಿ. ಇದನ್ನು ನನ್ನ ಮಾನ ಕಳೆದುಕೊಂಡೇ ಹೇಳುತ್ತಿದ್ದೇನೆ. ಮೊದಲ ಸಲ ಹ್ಯುಟ್ಟೆಗೆ ಹೋದಾಗ ಬ್ಯಾಗಿನಲ್ಲಿ ಎಂಟಿಆರ್ ಉಪ್ಪಿಟ್ಟಿನ ನಾಲ್ಕು ಪೊಟ್ಟಣ, ಸಣ್ಣ ಗ್ಯಾಸ್ ಸ್ಟೋವ್ ಇತ್ತು. ಕೆಸರಾದ ಬೂಟು ಹಾಕಿಕೊಂಡೇ ಊಟದ ಕೋಣೆಗೆ ನುಗ್ಗಿದ್ದೆ. ಮೂಲೆಯಲ್ಲಿ ಸ್ಟೋವ್ ಹಚ್ಚಲು ಹೊರಟಿದ್ದೂ ಆಯಿತು. ನೋಡಿಕೊಳ್ಳುವ ಹೆಂಗಸು ಓಡಿಬಂದು ಬೈದ ಬೈಗುಳ ಆಗ ಅರ್ಥ ಆಗಲಿಲ್ಲ, ಅದೇ ಪುಣ್ಯ. ಪೂರ್ತಿ ಮರದ ಕಟ್ಟಡ, ಬೆಂಕಿ ಆರಿಸುವವರು ಬರಲು ಐದು ಗಂಟೆ. ಅವರ ಸಿಟ್ಟು ನ್ಯಾಯವೇ. ಅದೇ ಹೆಂಗಸು ಆಮೇಲೆ ಒಂದು ಜಗ್ ಬಿಸಿನೀರು ತಂದಿಟ್ಟು ಹೋದಳು.

ಬೂಟು ಬಾಗಿಲಲ್ಲೇ ಬಿಡಬೇಕು. ಅದಕ್ಕೆ ಬೇರೆ ಕೋಣೆ ಇರುತ್ತದೆ, ಒಳಗೆ ಹಾಕಿಕೊಳ್ಳಲು ಚಪ್ಪಲಿ ಒಯ್ಯಿರಿ. ಅಮ್ಮನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ ಬಿಡಿ. ಆದರೆ ಒಂದು ಎಚ್ಚರ. ಕಪಾಟಿನಲ್ಲಿ ಒಂದೇ ಕಂಪನಿಯ ಬೂದು ಬೂಟು ಹತ್ತು ಜೊತೆ ಇರುತ್ತವೆ. ನಸುಕಿನಲ್ಲಿ ಎದ್ದವರು ತಮ್ಮದು ಅಂದುಕೊಂಡು ನಿಮ್ಮದನ್ನು ಹಾಕಿಕೊಂಡು ಹೋಗಿಬಿಟ್ಟರೆ ಚಪ್ಪಲಿಯಲ್ಲಿ 14 ಕಿಲೋಮೀಟರ್ ಇಳಿಯಬೇಕು. ಲೇಸಿಗೆ ಕೆಂಪು ದಾರ ಕಟ್ಟಿ. ಹೊಸ ಬೂಟು ಆದರೆ ಎರಡು ವಾರ ಮ್ಯೂನಿಕ್ ಬೀದಿಗಳಲ್ಲಿ ಹಾಕಿಸಿ ನಡೆಸಿ.

ಉಡುಪಿನ ಬಗ್ಗೆ ಅಮ್ಮನ ಜೊತೆ ಜಗಳ ಬೇಡ. ಚೂಡಿದಾರ ಚೆನ್ನಾಗಿಯೇ ನಡೆಯುತ್ತದೆ. ಹತ್ತಿಯದು ಬೆವರಿಗೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಹಾಗಾಗಿ ಒಳಗೆ ಒಂದು ಉಣ್ಣೆಯ ಬನಿಯನ್ ಹಾಕಿಸಿ. ಸಂಜೆ ಸೂರ್ಯ ಬಂಡೆಯ ಹಿಂದೆ ಹೋದ ಕೂಡಲೇ ಚಳಿ ಧುತ್ತೆಂದು ಬರುತ್ತದೆ. ಎತ್ತರ ಕೊಡಚಾದ್ರಿಯದೇ ಆದರೂ ಚಳಿ ಅಲ್ಲಿಯದಲ್ಲ. ಟೋಪಿ, ಕೈಗವಸು, ದಪ್ಪ ಸ್ವೆಟರು ಬೇಕೇ ಬೇಕು.

ಉಂಬಳ ಇಲ್ಲ ಅಂತ ಅಮ್ಮನಿಗೆ ಖುಷಿಯಿಂದ ಹೇಳಿ. ಉಣ್ಣಿ ಮಾತ್ರ ಇದೆ. ಕಣಿವೆಯ ಕೆಳಗಿನ ಕಾಡಿನಲ್ಲಿ, ಹುಲ್ಲಿನಲ್ಲಿ. ಸಾಗರದವರಿಗೆ ಉಣ್ಣಿ ಅಂದರೆ ಮಂಗನ ಕಾಯಿಲೆ ನೆನಪಾಗುತ್ತದೆ. ಇಲ್ಲಿನ ಉಣ್ಣಿಯಿಂದ ಬರುವ ಮೆದುಳುಜ್ವರದ ವೈರಸ್ಸೂ, 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಕಂಡ ಆ ವೈರಸ್ಸೂ ಒಂದೇ ಬಳಗದವು. ನೀವಿಬ್ಬರೂ ಇಲ್ಲೇ ಇರುವವರು, ಲಸಿಕೆಯ ಬಗ್ಗೆ ನಿಮ್ಮ ಡಾಕ್ಟರ್ ಹತ್ತಿರ ಕೇಳಿ. ಅಮ್ಮ ಪ್ಯಾಂಟಿನ ತುದಿಯನ್ನು ಕಾಲುಚೀಲದ ಒಳಗೆ ತುರುಕಿಕೊಳ್ಳಲಿ, ರಾತ್ರಿ ಮಲಗುವ ಮುಂಚೆ ಕಾಲು, ಮಂಡಿಯ ಹಿಂಭಾಗ ನೋಡಿಕೊಳ್ಳಲಿ.

ನಗದು ಹಣ ಇಟ್ಟುಕೊಳ್ಳಿ. ಕಾರ್ಡ್ ಮೆಷಿನ್ ಇದ್ದರೂ ನೆಟ್‌ವರ್ಕ್ ಕೈಕೊಡಬಹುದು. ಕಣಿವೆಯೊಳಗೆ ಫೋನಿನ ಸಿಗ್ನಲ್ ನಂಬಬೇಡಿ, ಮ್ಯಾಪನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಪವರ್‌ಬ್ಯಾಂಕ್ ಒಯ್ಯಿರಿ, ಪ್ಲಗ್ಗಿಗೆ ಕ್ಯೂ ಇರುತ್ತದೆ. ನಿಮ್ಮ ಕಸ ನಿಮ್ಮ ಬ್ಯಾಗಿನಲ್ಲೇ ವಾಪಸ್ ಬರಬೇಕು. ಅಪಾಯಕ್ಕೆ ಕರೆ 112. ಸಿಗ್ನಲ್ ಇಲ್ಲದಿದ್ದರೆ ಸೀಟಿಯೋ ಟಾರ್ಚೋ. ಒಂದು ನಿಮಿಷದಲ್ಲಿ ಆರು ಸಲ, ಆಮೇಲೆ ಒಂದು ನಿಮಿಷ ಬಿಡುವು, ಮತ್ತೆ ಆರು ಸಲ. ನಿಮಿಷಕ್ಕೆ ಮೂರು ಸಲ ತಿರುಗಿ ಬಂದರೆ ಯಾರಿಗೋ ಕೇಳಿಸಿದೆ ಅಂತ ಅರ್ಥ.

ಅಮ್ಮನಿಗೆ ಭಾಷೆ ಬರುವುದಿಲ್ಲ ಅಂತ ಚಿಂತೆ ಇರಬಹುದು. ಬೆಟ್ಟದಲ್ಲಿ ಒಂದು ರೂಢಿ ಇದೆ. ಸಾವಿರ ಮೀಟರ್ ದಾಟಿದ ಮೇಲೆ ಎಲ್ಲರೂ ಎಲ್ಲರಿಗೂ "ದು", ಅಂದರೆ ನೀನು. ಕೆಳಗೆ ಬಹುವಚನದಲ್ಲಿ ಬಿಗಿಯಾಗಿ ಮಾತಾಡುವ ಇದೇ ಜನ ಮೇಲೆ ಉದ್ದ ಬೆಂಚಿನಲ್ಲಿ ಒತ್ತಿ ಕೂತು ಉಪ್ಪಿನ ಡಬ್ಬಿ ದಾಟಿಸುತ್ತಾ ಎಲ್ಲಿಂದ ಬಂದಿರಿ ಅಂತ ಕೇಳುತ್ತಾರೆ. ಅಮ್ಮ ಕನ್ನಡದಲ್ಲೇ ಉತ್ತರ ಕೊಡಲಿ, ಏನೂ ತೊಂದರೆ ಇಲ್ಲ. ಸಂಜೆ ಒಮ್ಮೆ ನೋಡಿಕೊಳ್ಳುವವರ ಹತ್ತಿರ ಹೋಗಿ ನಾಳೆ ಹವಾಮಾನ ಹೇಗೆ ಅಂತ ಕೇಳಿ. ಫೋನಿನ ಆ್ಯಪ್‌ಗಿಂತ ಅವರ ಮಾತನ್ನೇ ನಾನು ನಂಬುವುದು. ದುಡ್ಡನ್ನೂ ಆಗಲೇ ಕೊಟ್ಟುಬಿಡಿ, ಬೆಳಿಗ್ಗೆ ಸಾಲು ಉದ್ದ.

ತಲುಪಿದ ಕೂಡಲೇ ಇನ್ನೊಂದು ಕೆಲಸ. ಬಾಗಿಲ ಹತ್ತಿರ ಒಂದು ದಪ್ಪ ಪುಸ್ತಕ ಇರುತ್ತದೆ, ಹ್ಯುಟ್ಟೆನ್‌ಬುಖ್. ಹೆಸರು, ಎಲ್ಲಿಂದ ಬಂದಿರಿ, ನಾಳೆ ಎಲ್ಲಿಗೆ ಹೋಗುತ್ತೀರಿ ಅಂತ ಬರೆಯಬೇಕು. ಯಾರಾದರೂ ಕಾಣೆಯಾದರೆ ಹುಡುಕುವವರು ಮೊದಲು ತೆರೆಯುವುದು ಇದನ್ನೇ. ಅಮ್ಮನ ಹೆಸರು, ಸಾಗರ ಅಂತ ಅವರ ಕೈಯಲ್ಲೇ ಕನ್ನಡದಲ್ಲಿ ಬರೆಸಿ. ಅದರ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ನೀವು ಇನ್ನೊಮ್ಮೆ ಬರೆಯಿರಿ. ನಿಮ್ಮ ಗಂಡ ಮೇಲೆ ಹತ್ತುವವರಿದ್ದರೆ ಅವರ ದಾರಿಯನ್ನು ಬೇರೆ ಸಾಲಿನಲ್ಲಿ ಬರೆಯಿರಿ.